ಮಾರ್ಚ್ ಮೂವತ್ತೊಂದರಂದು ಇಲ್ಲದವರು

ಬಿಡುಗಡೆ ಚೀಟಿ ಬರೆಯುವುದು ಎರಡು ನಿಮಿಷದ ಕೆಲಸ. ಹೆಸರು, ವಿಭಾಗ, ಕೊನೆಯ ದಿನ, ಕಾರಣ, ಕೆಳಗೊಂದು ಸಹಿ. ಮೂವತ್ತು ವರ್ಷದಿಂದ ಬರೆದ ಕೈಗೆ ಅದರಲ್ಲಿ ಯೋಚಿಸುವಂಥದ್ದೇನೂ ಉಳಿದಿರಲಿಲ್ಲ. ಆದರೂ ಬೆಳಿಗ್ಗೆ ಎಂಟೂವರೆಗೆ ಬಂದು ಕೂತ ಡೆಲ್ವಿನ್ ನೋಸ್ಕಿ, ಗಂಟೆ ಹತ್ತಾದರೂ, ಹೆಸರಿನ ಜಾಗದಲ್ಲಿ ಇನೆಸ್ ಕಾಲ್ದೈರಾ ಎಂದಷ್ಟೇ ಬರೆದು, ಮುಂದಿನ ಗೆರೆಗೆ ಹೋಗದೆ, ಪೆನ್ನಿನ ಮುಚ್ಚಳ ಹಾಕುವುದು ತೆಗೆಯುವುದು ಮಾಡುತ್ತಿದ್ದಳು. ಇವತ್ತು ಮಾರ್ಚ್ ಮೂವತ್ತು. ನಾಳೆ ಎಣಿಕೆ ದಿನ. ಈ ಸಿಂಪಿ ಸಂಶೋಧನಾ ಸಂಸ್ಥೆಯಲ್ಲಿ ಎಷ್ಟು ತಲೆಗಳಿವೆಯೆಂದು ಇಲಾಖೆಯವರು ನಾಳೆ ಎಣಿಸುತ್ತಾರೆ. ಅವರೇನೂ ಈ ಕೊಲ್ಲಿಯ ತನಕ ಬಂದು ಎಣಿಸುವುದಿಲ್ಲ. ಕಂಪ್ಯೂಟರ್ ಯಂತ್ರದಲ್ಲಿರುವ ಹೆಸರುಗಳನ್ನು ಎಣಿಸುತ್ತಾರೆ. ನಲವತ್ತೆರಡು ದಾಟಬಾರದು. ದಾಟಿದರೆ ಬರುವ ವರ್ಷದ ಹುದ್ದೆಗಳಿಗೆ ಕತ್ತರಿ ಬೀಳುತ್ತದೆ. ಸಂಸ್ಥೆಯಲ್ಲಿರುವವರು ನಲವತ್ತಮೂರು. ಆದ್ದರಿಂದ ಇನೆಸ್ ಇವತ್ತು ಸಂಜೆ ಐದರೊಳಗೆ ಕೆಲಸ ಬಿಟ್ಟು, ನಾಡಿದ್ದು, ಏಪ್ರಿಲ್ ಒಂದರ ಬೆಳಿಗ್ಗೆ ಮತ್ತೆ ಸೇರಬೇಕು. ಅವಳಿಗೆ ಇದು ಗೊತ್ತಾಗುವುದೂ ಇಲ್ಲ. ನಾಳೆಯೂ ಅವಳು ತೊಟ್ಟಿಗಳ ಹತ್ತಿರ ನಿಂತು ಸಿಂಪಿ ಬಿಡಿಸುತ್ತಲೇ ಇರುತ್ತಾಳೆ. ಕಾಗದದಲ್ಲಿ ಮಾತ್ರ ಇರುವುದಿಲ್ಲ.

ಈ ದಾಖಲೆ ಕೋಣೆ ಮೊದಲು ಮೀನು ಇಡುವ ಮಂಜುಗಡ್ಡೆಯ ಕೋಣೆಯಾಗಿತ್ತು. ಒಂದು ಗೇಣು ದಪ್ಪದ ಬಾಗಿಲು, ಕಿಟಕಿ ಅನ್ನುವುದಕ್ಕೆ ಮೇಲೊಂದು ಚೌಕ. ಹೊರಗೆ ಎಷ್ಟು ಸೆಕೆಯಿದ್ದರೂ ಒಳಗೆ ಸಿಮೆಂಟಿನ ತಣ್ಣಗಿನ ವಾಸನೆ, ಅದರಡಿಯಲ್ಲಿ ಎಂದೋ ಹೋದ ಮೀನಿನ ವಾಸನೆ. ಗೋಡೆಯಾಚೆ ಪಂಪುಗಳು ಸಮುದ್ರದ ನೀರನ್ನು ತೊಟ್ಟಿಗಳಿಗೆ ಎಳೆಯುವ ಸದ್ದು. ಆ ಸದ್ದು ನಿಂತಾಗ ಮಾತ್ರ ಅದು ಅಷ್ಟು ಹೊತ್ತು ಇತ್ತೆಂದು ಅವಳಿಗೆ ತಿಳಿಯುತ್ತಿತ್ತು. ಈ ಕೋಣೆಯಲ್ಲಿ ಕೂತು ಎಷ್ಟೋ ಜನರ ಹುಟ್ಟಿದ ದಿನ, ಮದುವೆಯ ದಿನ, ಬಂದ ದಿನ, ಹೋದ ದಿನ ಅವಳ ತಲೆಯೊಳಗೆ ಸೇರಿಹೋಗಿದ್ದವು. ಶಾಲೆ ಬಿಟ್ಟದ್ದು ಹದಿನೈದನೇ ವರ್ಷಕ್ಕೆ. ಓದು ತಲೆಗೆ ಹತ್ತಲಿಲ್ಲ. ಆದರೆ ಒಮ್ಮೆ ಕಂಡ ತಾರೀಖು ಮರೆಯುತ್ತಿರಲಿಲ್ಲ. ಚಹಾ ಕೋಣೆಯಲ್ಲಿ ವಿಜ್ಞಾನಿಗಳು ಅವಳ ತಲೆಯ ಮೇಲಿಂದ ಮಾತಾಡುವಾಗ, ಇವರೆಲ್ಲರ ತಾರೀಖುಗಳು ತನ್ನ ಹತ್ತಿರ ಇವೆ ಎಂದು ಅಂದುಕೊಂಡು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದಳು. ಅದೊಂದು ಸಣ್ಣ ಸಮಾಧಾನ. ಒಮ್ಮೆ ಸೂಚನಾ ಫಲಕದಲ್ಲಿ ಅವಳು ಬರೆದಿದ್ದ ಒಂದು ತಪ್ಪನ್ನು ಯಾರೋ ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಯಾರೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಹತ್ತೊಂಬತ್ತು ಜನರ ಮೇಲೆ ಅನುಮಾನವಿದೆ.

ಒಂಬತ್ತು ಗಂಟೆಗೆ ನಿರ್ದೇಶಕ ಮರ್ವ್ ಟ್ರೆಲೋರ್ ಬಾಗಿಲಲ್ಲಿ ತಲೆ ಹಾಕಿದ್ದ. ಅವನು ವಿದ್ಯಾರ್ಥಿಯಾಗಿ ಬಂದಾಗ ಅವನ ಮೊದಲ ಕಾರ್ಡು ಬರೆದವಳು ಅವಳೇ, ಆದ್ದರಿಂದ ಇಬ್ಬರ ನಡುವೆ ಮರ್ಯಾದೆಯ ಮಾತಿರಲಿಲ್ಲ. ಮಾರ್ಚಿನ ಗುಡಿಸೋದು ಆಯ್ತಾ ಎಂದು ಕೇಳಿದ. ಇನ್ನೂ ಇಲ್ಲ ಎಂದಳು. ಇವತ್ತು ಯಾರೋ ಸಂಶೋಧಕಿ ಬರುತ್ತಾಳಂತೆ, ಬೇಕಾದ್ದು ತೋರಿಸು, ಬೇಡದ್ದು ತೋರಿಸಬೇಡ ಎಂದು ನಕ್ಕು ಹೋದ. ಬೇಕಾದ್ದು ಯಾವುದು ಬೇಡದ್ದು ಯಾವುದು ಎಂದು ಅವನು ಹೇಳಲಿಲ್ಲ. ಮೊದಲಿನ ನಿರ್ದೇಶಕರೂ ಹೇಳುತ್ತಿರಲಿಲ್ಲ.

ಅವನ ಹಿಂದೆಯೇ ಇನೆಸ್ ಬಂದಿದ್ದಳು, ಬಲಗೈಗೆ ಮೊಣಕೈ ತನಕ ಕಪ್ಪು ಪಟ್ಟಿ. ಈ ವರ್ಷದ ಒಬ್ಬಳೇ ಅವಧಿ ಸಂಶೋಧಕಿ, ವರ್ಷದ ಕರಾರಿನ ಮೇಲೆ ಬಂದವಳು. ಒಂದು ವರ್ಷದಲ್ಲಿ ಸಾವಿರಾರು ಸಿಂಪಿಗಳನ್ನು ಬಿಡಿಸಿ ಒಳಗಿನ ರೋಗ ನೋಡುವ ಕೆಲಸ. ಮಣಿಕಟ್ಟಿನ ನರ ಒತ್ತಿಕೊಂಡು ಬೆರಳುಗಳು ಜೋಮು ಹಿಡಿದಿದ್ದವು. ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಸಿಕ್ಕಿದೆ, ಆಮೇಲೆ ಆರು ವಾರ ಕೈ ಆಡಿಸುವಂತಿಲ್ಲ. ಸಂಬಳದ ದೀರ್ಘ ರಜೆಗೆ ವರ್ಷ ತುಂಬಿರಬೇಕು, ನಡುವೆ ಒಂದು ದಿನವೂ ತಪ್ಪಿರಬಾರದು ಎಂಬುದು ಸಂಸ್ಥೆಯ ನಿಯಮ. ಅವಳು ಸೇರಿದ್ದು ಹೋದ ಏಪ್ರಿಲ್ ಹನ್ನೆರಡಕ್ಕೆ.

“ಇನ್ನು ಹದಿಮೂರು ದಿನ ಅಲ್ವಾ ಡೆಲ್ವಿನ್? ದಿನಾ ಬೆಳಿಗ್ಗೆ ಎಣಿಸ್ತೀನಿ. ಜೈಲಲ್ಲಿ ಇದ್ದೋರ ಹಾಗೆ.”

ಡೆಲ್ವಿನ್ ತನ್ನ ಅಂಗೈಯನ್ನು ಚೀಟಿಯ ಮೇಲೆ ಇಟ್ಟುಕೊಂಡಿದ್ದಳು. ಹೌದು ಎಂದಳೋ, ತಲೆಯಾಡಿಸಿದಳೋ, ಈಗ ನೆನಪಿಗೆ ಬರಲಿಲ್ಲ. ಇನೆಸ್ ಎಡಗೈಯಲ್ಲಿ ಬಾಗಿಲು ಎಳೆದುಕೊಳ್ಳಲು ಹೋಗಿ, ಅದರ ಭಾರಕ್ಕೆ ಸೋತು, ಭುಜ ಕೊಟ್ಟು ನೂಕಿ ಹೋಗಿದ್ದಳು. ಭುಜ ಕೊಟ್ಟು ಆ ಬಾಗಿಲು ನೂಕುತ್ತಿದ್ದವಳು ಬಹಳ ವರ್ಷದ ಹಿಂದೆ ಇನ್ನೊಬ್ಬಳಿದ್ದಳು, ಲೂರ್ಡೆಸ್, ಅವಳೂ ಅವಧಿ ಸಂಶೋಧಕಿಯೇ. ಎರಡೂ ಕೈಯಲ್ಲಿ ಅನ್ನದ ಡಬ್ಬ ಹಿಡಿದು ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ಬರುತ್ತಿದ್ದಳು. ಚಹಾ ಕೋಣೆಯಲ್ಲಿ ತನ್ನ ಒಣಮೀನಿನ ವಾಸನೆಗೆ ಜನ ಕಿಟಕಿ ತೆಗೆಯುತ್ತಾರೆ, ಇಲ್ಲಾದರೆ ತೆಗೆಯುವ ಕಿಟಕಿಯೇ ಇಲ್ಲ ಎಂದು ನಗುತ್ತಿದ್ದಳು.

ಹತ್ತೂವರೆಗೆ ಸಂಶೋಧಕಿ ಬಂದಳು. ಹೆಸರು ಪರ್ವಿನ್ ಹಕೀಮಿ. ಮೂವತ್ತೈದು ಮೂವತ್ತಾರರ ಸಣ್ಣ ಹೆಂಗಸು, ಕೊರಳಲ್ಲಿ ಇಳಿಬಿಟ್ಟ ಹಸಿರು ಬಟ್ಟೆ, ಅಡಿಲೇಡಿನಲ್ಲಿ ಬೆಳೆದ ಮಕ್ಕಳ ಮಾತಿನ ಧಾಟಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದರೂ ಬಟ್ಟೆ ಮುದುಡಿರಲಿಲ್ಲ. ಡಾಕ್ಟರೇಟ್ ಮುಗಿಸಿ, ಖಾಯಂ ಕೆಲಸ ಸಿಗುವ ತನಕ ಒಂದೊಂದು ವರ್ಷದ ಕಾಗದದ ಮೇಲೆ ದುಡಿಯುವ ಸಂಶೋಧಕರಿದ್ದಾರಲ್ಲ, ಪೋಸ್ಟ್‌ಡಾಕ್‌ಗಳು ಅನ್ನುತ್ತಾರಲ್ಲ, ಅವರ ದಾಖಲೆಯನ್ನು ಸಂಸ್ಥೆಗಳು ಹೇಗೆ ಇಡುತ್ತವೆ ಎಂದು ತಾನು ನೋಡುತ್ತಿದ್ದೇನೆ ಎಂದಳು. ಎಷ್ಟು ಜನ ಬಂದರು, ಎಷ್ಟು ದಿನ ಇದ್ದರು, ಎಲ್ಲಿ ಹೋದರು. ದೇಶದಲ್ಲಿ ಇಂಥವರು ಎಷ್ಟಿದ್ದಾರೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಕುರಿ ಎಷ್ಟಿವೆ ಅಂತ ಗೊತ್ತು ಎಂದು ಸೇರಿಸಿದಳು. ಡೆಲ್ವಿನ್‌ಗೆ ನಗು ಬಂತು, ಅವಳು ಇಷ್ಟವಾದಳು. ಇಷ್ಟವಾದದ್ದೇ ಒಂದು ತೊಂದರೆಯಂತೆ ಅನ್ನಿಸಿತು. ಸೊಕ್ಕಿನವಳು ಬಂದಿದ್ದರೆ ಸುಲಭವಿತ್ತು.

ಡೆಲ್ವಿನ್ ಕಬ್ಬಿಣದ ಕಪಾಟು ತೆರೆದು ಎಣಿಕೆ ಪುಸ್ತಕಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ವರ್ಷಕ್ಕೊಂದು ಪುಸ್ತಕ, ಅದರಲ್ಲಿ ಎಣಿಕೆಗೆ ಒಂದು ಹಾಳೆ, ಮಾರ್ಚ್ ಮೂವತ್ತೊಂದರಂದು ಇದ್ದವರು. ಖಾಯಂ ಇಷ್ಟು, ತಾತ್ಕಾಲಿಕ ಇಷ್ಟು, ಅವಧಿ ಸಂಶೋಧಕರು ಇಷ್ಟು. ಅವಳ ದುಂಡು ಅಕ್ಷರ. ಪರ್ವಿನ್ ಮೊದಲ ಹಾಳೆ ನೋಡಿದಳು, ಎರಡನೆಯದು ನೋಡಿದಳು, ಹತ್ತನೆಯದಕ್ಕೆ ಬರುವಾಗ ನಿಧಾನವಾದಳು. ಅವಧಿ ಸಂಶೋಧಕರ ಎದುರು ಸೊನ್ನೆ. ಮರುವರ್ಷ ಸೊನ್ನೆ. ಇಪ್ಪತ್ತೆಂಟು ಹಾಳೆಗಳಲ್ಲೂ ಸೊನ್ನೆ. ಅವಳು ತನ್ನ ಕಾಗದದಲ್ಲಿ ಸೊನ್ನೆ ಬರೆದುಕೊಳ್ಳುತ್ತ ಹೋದಳು. ಆ ಪೆನ್ಸಿಲಿನ ಸದ್ದು ಡೆಲ್ವಿನ್‌ಗೆ ಕೇಳುತ್ತಿತ್ತು. ಸೊನ್ನೆ ಬರೆಯಲು ಇಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ತಾನು ಬರೆಯುವಾಗ ಒಂದು ಸುತ್ತು, ಮುಗಿಯಿತು.

“ಕಾರಿಡಾರಿನ ಗೋಡೆ ಮೇಲೆ ಫೋಟೋಗಳಿವೆ” ಎಂದಳು ಪರ್ವಿನ್, ತಲೆ ಎತ್ತದೆ. “ಪ್ರತಿ ವರ್ಷದ್ದು. ಕೆಳಗೆ ಹೆಸರು, ಹೆಸರಿನ ಮುಂದೆ ಪೋಸ್ಟ್‌ಡಾಕ್ ಅಂತ ಅಚ್ಚು ಹಾಕಿದೆ. ಬರೋವಾಗ ಎಣಿಸ್ದೆ. ಅರವತ್ತೊಂದು ಜನ.”

“ಅರವತ್ನಾಲ್ಕು” ಎಂದುಬಿಟ್ಟಳು ಡೆಲ್ವಿನ್. “ಮೂರು ಜನ ಫೋಟೋ ದಿನ ದೋಣಿ ಮೇಲಿದ್ರು.”

ಪರ್ವಿನ್ ಈಗ ತಲೆ ಎತ್ತಿ, ಬಯ್ಯದೆ, ಆಶ್ಚರ್ಯಪಡದೆ, ಒಬ್ಬ ವೈದ್ಯೆ ನೋಡುವ ಹಾಗೆ ನೋಡಿದಳು. ಡೆಲ್ವಿನ್ ಎದ್ದು, ಊಟದ ಹೊತ್ತಾಯಿತು ಎಂದಳು. ಹನ್ನೊಂದೂ ಮುಕ್ಕಾಲು ಆಗಿತ್ತು.

ಅವಳು ತನ್ನ ಬ್ರೆಡ್ಡನ್ನು ಎರಡು ಭಾಗ ಮಾಡಿ ಒಂದನ್ನು ಪರ್ವಿನ್ ಮುಂದೆ ಇಟ್ಟಳು. ನಡುವೆ ಫ್ರಿಟ್ಸ್ ಅನ್ನುವ ಮಾಂಸದ ಹೋಳು, ಟೊಮ್ಯಾಟೊ ಸಾಸು. ಇಟ್ಟ ಮೇಲೆ ಅದರಲ್ಲಿ ಹಂದಿ ಇದೆಯೆಂದು ನೆನಪಾಗಿ, ಹಿಂದಕ್ಕೆ ಎಳೆಯಲೋ ಬೇಡವೋ ಎಂದು ಕೈ ತಡೆಯಿತು. ಪರ್ವಿನ್ ತಟ್ಟೆಯನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿ, ಬಸ್ಸಿನಲ್ಲಿ ತಿಂದದ್ದು ಇನ್ನೂ ಹೊಟ್ಟೆಯಲ್ಲಿದೆ, ಚಹಾ ಸಾಕು ಎಂದಳು. ಅದು ಸುಳ್ಳು. ಸುಳ್ಳನ್ನು ಅವಳು ಕೊಟ್ಟವಳ ಮರ್ಯಾದೆ ಉಳಿಸುವುದಕ್ಕೆ ಹೇಳಿದಳೆಂದು ಡೆಲ್ವಿನ್‌ಗೆ ಗೊತ್ತಾಯಿತು, ಕೆನ್ನೆ ಬೆಚ್ಚಗಾಯಿತು. ಲೂರ್ಡೆಸ್ ಹಾಗಲ್ಲ. ಅವಳು ಏನು ಕೊಟ್ಟರೂ ತಿನ್ನುತ್ತಿದ್ದಳು, ತನ್ನ ಡಬ್ಬದಿಂದ ಅಷ್ಟೇ ಕೊಡುತ್ತಿದ್ದಳು. ಫಿಲಿಪ್ಪೀನ್ಸಿನ ಇಲೊಯಿಲೊ ಎಂಬ ಊರಿಂದ ಬಂದವಳು. ಊಟ ಮುಗಿಸಿ ಊರಿನ ವಾರಪತ್ರಿಕೆಯನ್ನು ಡೆಲ್ವಿನ್ ಕೈಗೆ ಕೊಟ್ಟು, ಗಟ್ಟಿಯಾಗಿ ಓದು, ನನಗೆ ನಿಮ್ಮ ಮಾತಿನ ಧಾಟಿ ಬೇಕು ಎನ್ನುತ್ತಿದ್ದಳು. ಡೆಲ್ವಿನ್ ಬೆರಳಿಟ್ಟು ಓದುತ್ತಿದ್ದಳು, ದೊಡ್ಡ ಶಬ್ದ ಬಂದಾಗ ತಡವರಿಸುತ್ತಿದ್ದಳು, ಕೆಲವನ್ನು ನುಂಗಿ ಮುಂದೆ ಹೋಗುತ್ತಿದ್ದಳು. ಲೂರ್ಡೆಸ್‌ಗೆ ಆ ಶಬ್ದಗಳೆಲ್ಲ ಗೊತ್ತಿದ್ದವು. ಒಮ್ಮೆಯೂ ತಿದ್ದಲಿಲ್ಲ. ಅವಳಿಗೆ ಧಾಟಿ ಬೇಕಿತ್ತೋ, ಇವಳಿಗೆ ಓದು ಬರಲಿ ಅಂತಿತ್ತೋ, ಯಾರಿಗೆ ಗೊತ್ತು. ಅಂತೂ ಎರಡು ವರ್ಷದಲ್ಲಿ ಡೆಲ್ವಿನ್ ಬೆರಳಿಡದೆ ಓದುವುದು ಕಲಿತಳು.

ಚಹಾ ಲೋಟ ಎರಡೂ ಕೈಯಲ್ಲಿ ಹಿಡಿದು ಪರ್ವಿನ್ ತನ್ನಷ್ಟಕ್ಕೆ ಮಾತಾಡಿದಳು. ಇದುವರೆಗೆ ಒಂಬತ್ತು ಸಂಸ್ಥೆ ನೋಡಿದ್ದಾಳಂತೆ. ಕೆಲವು ಕಡೆ ಪೋಸ್ಟ್‌ಡಾಕ್‌ಗಳು ನೌಕರರ ಪಟ್ಟಿಯಲ್ಲಿ, ಕೆಲವು ಕಡೆ ಅತಿಥಿಗಳ ಪಟ್ಟಿಯಲ್ಲಿ, ಒಂದು ಕಡೆ ಪ್ರಯೋಗದ ಸಾಮಾನಿನ ಖರ್ಚಿನಲ್ಲಿ, ಗಾಜಿನ ನಳಿಗೆಗಳ ಜೊತೆ. ನಾಲ್ಕು ಕಡೆ ಮಾತ್ರ ಒಂದೇ ತರದ ವಿಚಿತ್ರ ಕಂಡಳಂತೆ. ಎಲ್ಲರೂ ಮಾರ್ಚ್ ಮೂವತ್ತಕ್ಕೆ ಬಿಟ್ಟು ಏಪ್ರಿಲ್ ಒಂದಕ್ಕೆ ಸೇರುತ್ತಾರೆ. ಅಲ್ಲಿನ ಗುಮಾಸ್ತರು ಅದಕ್ಕೆ ಮಾರ್ಚ್ ರಜೆ ಎಂದು ಹೆಸರಿಟ್ಟಿದ್ದಾರೆ. ಯಾರು ಶುರು ಮಾಡಿದ್ದೆಂದರೆ ಯಾರಿಗೂ ಗೊತ್ತಿಲ್ಲ, ಮೊದಲಿಂದ ಹೀಗೇ ಎನ್ನುತ್ತಾರೆ.

“ನಾನೂ ಆ ರಜೆ ತಗೊಂಡೋಳೇ” ಎಂದು ನಕ್ಕಳು. “ಐದು ಸಲ. ನನ್ ಕೆಲಸದ ಚರಿತ್ರೆ ನೋಡಿದ್ರೆ ನಾನು ಎಲ್ಲೂ ವರ್ಷ ನಿಲ್ಲದ ಹೆಂಗಸು. ಮನೆ ಸಾಲಕ್ಕೆ ಹೋದ್ರೆ ಬ್ಯಾಂಕಿನೋನು ಕೇಳ್ತಾನೆ, ಅಮ್ಮಾ, ನಿಮಗೇನು ಜಗಳಗಂಟಿ ಸ್ವಭಾವಾನಾ ಅಂತ.”

ಡೆಲ್ವಿನ್ ನಗಲಿಲ್ಲ. ಅವಳ ಕಣ್ಣ ಮುಂದೆ ಅಡಿಲೇಡಿನ ಒಂದು ಹೋಟೆಲಿನ ಸಭೆ ಬಂತು. ದಾಖಲೆ ಗುಮಾಸ್ತರ ವರ್ಷದ ಸಭೆ, ಅವಳು ಹೊಸ ನೀಲಿ ಅಂಗಿ ಹಾಕಿದ್ದಳು, ಅಷ್ಟು ಜನರ ಮುಂದೆ ಮೊದಲ ಸಲ ನಿಂತು ಮಾತಾಡಿದ್ದಳು. ಹಾಳೆ ನಡುಗುತ್ತಿತ್ತು. ಆದರೆ ಜನ ಬರೆದುಕೊಳ್ಳುತ್ತಿದ್ದರು! ಶಾಲೆ ಬಿಟ್ಟ ಮೇಲೆ, ಅಥವಾ ಶಾಲೆಯಲ್ಲೂ, ತಾನು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಂಡದ್ದು ಅದೊಂದೇ ಸಲ. ಹೊರಗೆ ಬಂದಾಗ ಒಬ್ಬಾಕೆ, ನೀನು ಜಾಣೆ ಕಣೇ ಎಂದು ಬೆನ್ನು ತಟ್ಟಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತನ್ನು ಅವಳು ಬಾಯಲ್ಲಿ ಪೆಪ್ಪರಮೆಂಟಿನಂತೆ ಇಟ್ಟುಕೊಂಡು ಬಂದಿದ್ದಳು. ಆ ರುಚಿ ಈಗಲೂ ನಾಲಿಗೆಗೆ ಗೊತ್ತು. ಹಾಗೆ ಗೊತ್ತಿರುವುದೇ ನಾಚಿಕೆ.

“ಅದು ನಂದು” ಎಂದಳು.

ಪರ್ವಿನ್ ಲೋಟ ಕೆಳಗಿಟ್ಟಳು.

ಡೆಲ್ವಿನ್ ಹೇಳಿದಳು. ಇಲ್ಲಿಗೆ ಬರುವ ಮೊದಲು ತಾನು ಟ್ಯೂನಾ ಮೀನಿನ ಡಬ್ಬ ತುಂಬುವ ಕಾರ್ಖಾನೆಯಲ್ಲಿದ್ದೆ, ದಾಸ್ತಾನಿನ ಕಾರ್ಡು ಬರೆಯುತ್ತಿದ್ದೆ. ವರ್ಷಕ್ಕೊಮ್ಮೆ ದಾಸ್ತಾನು ನೋಡಲು ಮೇಲಿನವರು ಬರುತ್ತಿದ್ದರು. ಹೆಚ್ಚಿದ್ದರೆ ಮಾರಾಟ ಆಗಿಲ್ಲವೆಂದು ಕೂಗಾಡುತ್ತಾರೆಂದು ಮೇಸ್ತ್ರಿ ಆ ದಿನ ಬೆಳಿಗ್ಗೆ ಹೆಚ್ಚಿನ ಡಬ್ಬಗಳನ್ನು ಲಾರಿಗೆ ತುಂಬಿಸಿ, ಕೊಲ್ಲಿಯ ದಾರಿಯಲ್ಲಿ ಸುಮ್ಮನೆ ಓಡಿಸಿಕೊಂಡಿರು ಎಂದು ಕಳಿಸುತ್ತಿದ್ದ. ಡ್ರೈವರ್ ಎಲ್ಲೋ ನಿಲ್ಲಿಸಿ ಒಂದು ಪೇಸ್ಟಿ ಕಡುಬು ತಿಂದು, ಒಂದು ನಿದ್ದೆ ತೆಗೆದು, ಮೇಲಿನವರು ಹೋದ ಮೇಲೆ ಬರುತ್ತಿದ್ದ. ಡಬ್ಬ ಮತ್ತೆ ತಮ್ಮ ತಮ್ಮ ಜಾಗಕ್ಕೆ. ಯಾರಿಗೂ ನಷ್ಟವಿಲ್ಲ. ಈ ಸಂಸ್ಥೆಗೆ ಬಂದ ಎರಡನೇ ವರ್ಷ ನಲವತ್ತೆರಡರ ಮಿತಿ ಬಂತು. ಆಗಿನ ನಿರ್ದೇಶಕರು ಯಾರನ್ನು ತೆಗೆಯುವುದೆಂದು ತಲೆ ಹಿಡಿದು ಕೂತಿದ್ದರು. ಚಹಾ ಕೊಡಲು ಹೋದ ತಾನು ಹೇಳಿದೆ, ಯಾರನ್ನೂ ತೆಗೆಯಬೇಕಿಲ್ಲ ಸರ್, ಒಂದು ದಿನ ಲಾರಿಗೆ ಹಾಕಿ ಎಂದು. ಅವರು ಬಹಳ ನಕ್ಕರು. ಆಮೇಲೆ ನಗು ನಿಲ್ಲಿಸಿ, ಹೇಗೆ ಮಾಡೋದು ಹೇಳು ಎಂದರು. ಮುಂದೆ ಅಡಿಲೇಡಿನ ಸಭೆಯಲ್ಲಿ ಬೇರೆ ಸಂಸ್ಥೆಗಳ ಗುಮಾಸ್ತರಿಗೂ ಅದನ್ನೇ ಹೇಳಿಕೊಟ್ಟೆ.

ಅಲ್ಲಿಗೆ ನಿಲ್ಲಿಸಿದಳು. ಇಷ್ಟು ಹೇಳಿದರೆ ಒಂದು ಜಾಣತನದ ಕಥೆಯಾಗುತ್ತದೆ, ಕೇಳಿದವರು ನಗಬಹುದು. ಮುಂದಿನದನ್ನು ಹೇಳದಿದ್ದರೂ ನಡೆಯುತ್ತದೆ ಎಂದು ಅವಳಿಗೆ ಹೊಳೆಯಿತು. ಗೋಡೆಯಾಚೆ ಪಂಪು ಎಳೆಯುತ್ತಿತ್ತು. ಆ ಉಪಾಯ ಶುರುವಾಗಿ ಎರಡು ವರ್ಷದ ಮೇಲೆ, ಮಾರ್ಚ್ ತಿಂಗಳ ಮೊದಲ ವಾರ ಲೂರ್ಡೆಸ್ ಒಂದು ಫಾರಂ ಹಿಡಿದು ಭುಜದಿಂದ ಬಾಗಿಲು ನೂಕಿದಳು. ಏಳು ತಿಂಗಳ ಹೊಟ್ಟೆ, ಮೊದಲು ಹೊಟ್ಟೆಯೇ ಒಳಗೆ ಬಂತು. ಹೆರಿಗೆ ರಜೆಯ ಅರ್ಜಿ. ಡೆಲ್ವಿನ್ ಕಾರ್ಡು ತೆಗೆದು ನೋಡಿ, ನಿನ್ನ ಕಾಗದದ ಪ್ರಕಾರ ಹನ್ನೊಂದು ತಿಂಗಳಾಗಿದೆ, ಮಾರ್ಚ್ ಮೂವತ್ತೊಂದಕ್ಕೆ ವರ್ಷ ತುಂಬುತ್ತದೆ, ಏಪ್ರಿಲ್ ಒಂದಕ್ಕೆ ಬಾ ಎಂದಳು. ತಾನು ಬಂದು ಮೂರು ವರ್ಷವಾಗುತ್ತ ಬಂತಲ್ಲ ಎಂದು ಲೂರ್ಡೆಸ್ ಕೇಳಲಿಲ್ಲ. ಕಾಗದ ಇವರದು, ಇವರಿಗೆ ಗೊತ್ತಿರುತ್ತದೆ ಎಂದುಕೊಂಡಿರಬೇಕು. ಸರಿ, ಇನ್ನೂ ಮೂರು ವಾರ ನಿಲ್ಲಬಲ್ಲೆ ಎಂದಳು. ನಿಂತಳು. ಸಿಂಪಿಯ ಮರಿಗಳ ತೊಟ್ಟಿಯ ಮುಂದೆ ಕೂರುವಂತಿಲ್ಲ, ಬಗ್ಗಿ ನಿಂತೇ ನೋಡಬೇಕು. ಎದ್ದು ನಿಂತರೆ ಮೇಲಿನ ಚೌಕದಿಂದ ಡೆಲ್ವಿನ್‌ಗೆ ಅವಳ ಬೆನ್ನು ಕಾಣುತ್ತಿತ್ತು, ಒಂದು ಕೈ ಯಾವಾಗಲೂ ಸೊಂಟದ ಮೇಲೆ. ಮಾರ್ಚ್ ಮೂವತ್ತಕ್ಕೆ ಡೆಲ್ವಿನ್ ಆ ವರ್ಷದ ನಾಲ್ಕು ಬಿಡುಗಡೆ ಚೀಟಿ ಬರೆದಳು. ನಾಲ್ಕರಲ್ಲಿ ಒಂದರ ಮೇಲೆ ಲೂರ್ಡೆಸ್ ಮಗ್ಬಾನುವಾ ಎಂಬ ಹೆಸರು. ಆ ಹೆಸರು ಬರೆಯುವಾಗ ಪೆನ್ನು ನಿಂತಿತ್ತೆ? ಇಪ್ಪತ್ತಾರು ವರ್ಷದಿಂದ ಅವಳು ಆ ಮಧ್ಯಾಹ್ನಕ್ಕೆ ಹೋಗಿ ನೋಡುತ್ತಾಳೆ. ಕೆಲವು ಸಲ ಪೆನ್ನು ನಿಂತ ಹಾಗೆ ಕಾಣುತ್ತದೆ, ಗೊತ್ತಿದ್ದೂ ಬರೆದಳು. ಕೆಲವು ಸಲ ನಿಲ್ಲುವುದಿಲ್ಲ, ಬಟಾಟೆ ಸುಲಿಯುವ ಹಾಗೆ ನಾಲ್ಕನ್ನೂ ಬರೆದು ಮುಗಿಸಿದಳು. ಯಾವುದು ಹೆಚ್ಚಿನ ತಪ್ಪೆಂದು ಅವಳಿಗೆ ತೀರ್ಮಾನವಾಗಿಲ್ಲ. ತಾರೀಖುಗಳನ್ನೆಲ್ಲ ಹಿಡಿದಿಟ್ಟ ತಲೆ ಅದೊಂದನ್ನು ಹಿಡಿದಿಡಲಿಲ್ಲ.

ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆನೆಂದು ಅವಳಿಗೆ ತಿಳಿದದ್ದು ಪರ್ವಿನ್ ಮೆಲ್ಲಗೆ, “ಏಪ್ರಿಲ್ ಒಂದಕ್ಕೆ ಬಂದ್ರಾ?” ಎಂದಾಗ.

“ಬಂದ್ಲು. ಕಾರ್ಡು ತೋರಿಸ್ದೆ. ನಿನ್ನೆ ನೀನು ಇರ್ಲಿಲ್ಲ, ಇವತ್ತು ಹೊಸದಾಗಿ ಸೇರಿದೀಯ, ಇದು ನಿನ್ನ ಮೊದಲ್ನೇ ದಿನ ಅಂದೆ.”

“ಅದಕ್ಕೆ?”

“ನಿನ್ನೆ ಇಲ್ಲೇ ಇದ್ನಲ್ಲ ಡೆಲ್ವಿನ್, ನಿನ್ ಜೊತೆನೇ ಊಟ ಮಾಡಿದ್ನಲ್ಲ ಅಂದ್ಲು. ಸಿಟ್ಟಿಂದ ಅಲ್ಲ. ನಂಗೆ ಮರ್ತುಹೋಗಿದೆ, ನೆನಪಿಸ್ಬೇಕು ಅನ್ನೋ ಹಾಗೆ.” ಡೆಲ್ವಿನ್ ತಟ್ಟೆಯಲ್ಲಿದ್ದ ಬ್ರೆಡ್ಡಿನ ಅಂಚನ್ನು ಒತ್ತಿ ಸರಿಮಾಡಿದಳು. “ನಾನು ಕಂಡದ್ದು ದಾಖಲೆ ಅಲ್ಲ ಲೂರ್ಡೆಸ್, ಅಂದೆ.”

ಆ ವಾಕ್ಯ ಕೋಣೆಯಲ್ಲಿ ನಿಂತಿತು. ಆಗ ಅದು ಸರಿಯಾದ ಮಾತಿನಂತೆ ಕೇಳಿಸಿತ್ತು. ಕಾರ್ಡಿನಲ್ಲಿದ್ದದ್ದು ದಾಖಲೆ, ಕಣ್ಣಲ್ಲಿದ್ದದ್ದು ಮಾತು. ಈ ಎರಡನ್ನೂ ಕಲಸಬಾರದೆಂಬುದೇ ಅವಳು ಆ ಕೆಲಸದಲ್ಲಿ ಕಲಿತ ಒಂದೇ ವಿದ್ಯೆ. ಲೂರ್ಡೆಸ್ ಇನ್ನೊಂದು ವಾರ ಬಂದಳು, ಊಟಕ್ಕೆ ಚಹಾ ಕೋಣೆಗೆ ಹೋದಳು. ಆಮೇಲೆ ಬರಲಿಲ್ಲ. ಆ ಸಲದ ಬಿಡುಗಡೆ ಚೀಟಿಯಲ್ಲಿ ಕಾರಣದ ಜಾಗಕ್ಕೆ ಸ್ವಂತ ಇಚ್ಛೆ ಎಂದು ಬರೆದದ್ದೂ ಡೆಲ್ವಿನ್ನೇ. ಡಿಸೆಂಬರಿನಲ್ಲಿ ಇಲೊಯಿಲೊದಿಂದ ಕ್ರಿಸ್‌ಮಸ್ ಕಾರ್ಡು ಬಂತು. ಎಲ್ಲರಿಗೂ ಶುಭವಾಗಲಿ, ಸಿಂಪಿಯ ಮರಿಗಳು ಬದುಕಿದವೇ ಎಂದು ಕೇಳಿತ್ತು. ತನ್ನ ಮಗುವಿನ ಮಾತು ಅದರಲ್ಲಿ ಇರಲಿಲ್ಲ. ಬರೆಯಲು ಜಾಗವಿಲ್ಲದೆ ಬಿಟ್ಟಳೋ, ಬರೆಯಲು ಮಗುವಿಲ್ಲದೆ ಬಿಟ್ಟಳೋ. ಉತ್ತರ ಬರೆದು ಕೇಳಬಹುದಿತ್ತು. ಕೇಳಲಿಲ್ಲ.

ಪರ್ವಿನ್ ಬಯ್ಯುತ್ತಾಳೆ, ಇಲ್ಲವೇ ಸಮಾಧಾನ ಹೇಳುತ್ತಾಳೆ ಎಂದು ಡೆಲ್ವಿನ್ ಎರಡಕ್ಕೂ ಮೈ ಗಟ್ಟಿಮಾಡಿಕೊಂಡಳು. ಪರ್ವಿನ್ ಪೆನ್ಸಿಲು ತೆಗೆದು, ಶುರುವಾದ ವರ್ಷ ಯಾವುದು ಎಂದು ಕೇಳಿದಳು. ಡೆಲ್ವಿನ್ ಹೇಳಿದಳು, ಪರ್ವಿನ್ ಬರೆದುಕೊಂಡಳು. ಸಭೆ ನಡೆದ ವರ್ಷ? ಅದನ್ನೂ ಹೇಳಿದಳು. ಅಲ್ಲಿ ಯಾವ ಯಾವ ಸಂಸ್ಥೆಯವರಿದ್ದರು? ಅದನ್ನೂ, ಒಬ್ಬೊಬ್ಬರ ಹೆಸರು ಸಹಿತ. ಎಲ್ಲ ಒಂದು ಸಣ್ಣ ಚೌಕದಲ್ಲಿ ಹಿಡಿಸಿತು.

“ನನ್ ಹೆಸರು ಹಾಕ್ಕೊಳ್ಳಿ” ಎಂದಳು ಡೆಲ್ವಿನ್. “ನೋಸ್ಕಿ. ಇಂಗ್ಲಿಷಲ್ಲಿ ಕೊನೇ ಅಕ್ಷರ ಇ.”

“ಹಾಕೋ ಹಾಗಿಲ್ಲ. ಈ ಅಧ್ಯಯನದಲ್ಲಿ ಯಾರ ಹೆಸರೂ ಬರಬಾರ್ದು ಅಂತ ಒಪ್ಪಂದ. ನಿಮ್ಮ ರಕ್ಷಣೆಗೇನೇ.” ಪರ್ವಿನ್ ಕಾಗದವನ್ನು ಅವಳಿಗೆ ಕಾಣುವಂತೆ ತಿರುಗಿಸಿದಳು. “ನೋಡಿ, ಹೀಗೆ. ಒಂದು ಸಂಸ್ಥೆಯ ಒಬ್ಬ ಗುಮಾಸ್ತೆ.”

ಡೆಲ್ವಿನ್ ಆ ಸಾಲನ್ನು ಬೆರಳಿಡದೆ ಓದಿದಳು. ತನ್ನನ್ನು ಯಾರೋ ಲಾರಿಗೆ ಹತ್ತಿಸಿದ ಹಾಗಾಯಿತು. ಪರ್ವಿನ್ ಚೀಲ ಹೆಗಲಿಗೆ ಹಾಕಿ ಹೊರಟವಳು ಬಾಗಿಲ ಹತ್ತಿರ ನಿಂತಳು. ಮೇಜಿನ ಮೇಲಿದ್ದ ಅರ್ಧ ಬರೆದ ಚೀಟಿಯನ್ನು ಅವಳು ಬೆಳಿಗ್ಗೆಯೇ ನೋಡಿರಬೇಕು.

“ಖಾಲಾ” ಎಂದಳು. ಅದು ಅವಳ ಮನೆಯ ಮಾತು, ಚಿಕ್ಕಮ್ಮನನ್ನು ಕರೆಯುವ ಹಾಗೆ ಇತ್ತು. “ಇದು ಕೇಳೋದು ನನ್ ಕೆಲ್ಸ ಅಲ್ಲ. ನಾನು ಬರೀ ನೋಡಿ ಬರ್ಕೊಂಡು ಹೋಗೋಳು. ಇವತ್ತೂ ಕಳಿಸ್ತೀರಾ?”

ಗೊತ್ತಿಲ್ಲ ಎಂದಳು ಡೆಲ್ವಿನ್. ಅದು ನಿಜವಾಗಿತ್ತು. ನಾಲ್ಕರ ಬಸ್ಸಿಗೆ ಪರ್ವಿನ್ ಹೋದಳು.

ಆಮೇಲೆ ಕೋಣೆ ಮೊದಲಿನಂತಾಯಿತು. ಎಣಿಕೆ ಪುಸ್ತಕಗಳನ್ನು ವರ್ಷದ ಪ್ರಕಾರ ಕಪಾಟಿಗೆ ಸೇರಿಸಿದಳು. ಒಂದು ವರ್ಷದ ಪುಸ್ತಕವನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಳು, ತೆರೆಯಲಿಲ್ಲ. ತೆರೆದರೆ ಸೊನ್ನೆಯೇ ಇರುತ್ತದೆ. ತಟ್ಟೆ ತೊಳೆದಳು. ನಿವೃತ್ತಿಗೆ ಒಂಬತ್ತು ವಾರವಿದೆ. ಅವತ್ತು ಕೇಕು ತರುತ್ತಾರೆ, ಮರ್ವ್ ನಾಲ್ಕು ಮಾತಾಡುತ್ತಾನೆ, ಈ ಸಂಸ್ಥೆ ಒಂದು ವರ್ಷವೂ ಮಿತಿ ದಾಟದಂತೆ ನೋಡಿಕೊಂಡ ಕೈ ಇದು ಎನ್ನುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಕೆಂಪು ಶಾಯಿಯವನೂ ತಟ್ಟುತ್ತಾನೆ. ಚೀಟಿ ಕಳಿಸದಿದ್ದರೆ ಆ ಮಾತು ಇರುವುದಿಲ್ಲ. ಬರುವ ವರ್ಷ ಒಂದು ಹುದ್ದೆ ಹೋಗಬಹುದು, ಅದು ಯಾರದ್ದೋ. ಇನೆಸಳದೇ ಆಗಬಹುದು, ಅದೂ ಸಾಧ್ಯ. ಒಂದು ಕೈಗೆ ಒಳ್ಳೆಯದು ಮಾಡಲು ಹೋಗಿ ಇನ್ನೊಂದು ಕುತ್ತಿಗೆಗೆ ಹಗ್ಗ. ಹೀಗೆ ಯೋಚಿಸಿ ಯೋಚಿಸಿಯೇ ಅಲ್ಲವೇ ಇಪ್ಪತ್ತೆಂಟು ವರ್ಷ ಬರೆದದ್ದು? ಯಾರಿಗೂ ನಷ್ಟವಿಲ್ಲ ಎಂಬುದು ಸುಳ್ಳಾದ ಮೇಲೆ, ಎಲ್ಲರಿಗೂ ಒಳ್ಳೆಯದು ಎಂಬುದನ್ನು ಹಿಡಿದಳು. ಅದೂ ಜಾರಿದ ಮೇಲೆ, ಮೊದಲಿಂದ ಹೀಗೇ ಎಂಬುದನ್ನು.

ನಾಲ್ಕೂವರೆಗೆ ಮರ್ವ್ ಬಂದ. ಕಾಲಿಗೆ ರಬ್ಬರಿನ ಬೂಟು, ತೊಟ್ಟಿಯ ಕಡೆಯಿಂದ ಬಂದಿದ್ದ. ಸಂಶೋಧಕಿ ಹೋದಳಾ, ಏನು ಕೇಳಿದಳು ಎಂದ. ದಾಖಲೆ ಕೇಳಿದಳು, ತೋರಿಸಿದೆ ಎಂದಳು. ಒಳ್ಳೆಯದು ಎಂದು ಅವಳ ಮೇಜಿನತ್ತ ನೋಡಿದ.

“ಚೀಟಿ?”

“ಕಳಿಸಿಲ್ಲ.”

“ಅರ್ಧ ಗಂಟೆ ಇದೆಯಲ್ಲೇ, ಕಳಿಸ್ಬಿಡು. ನಲವತ್ಮೂರಾಗತ್ತೆ.”

“ನಲವತ್ಮೂರು ಜನ ಇದಾರಲ್ಲ ಮರ್ವ್.”

ಅವನು ನಕ್ಕ. ಅವಳು ನಗದಿದ್ದದ್ದನ್ನು ಕಂಡು ನಗುವನ್ನು ಸ್ವಲ್ಪ ಸ್ವಲ್ಪವೇ ತೆಗೆದ. ಬಾಗಿಲಿಗೆ ಒರಗಿ ಬೂಟಿನ ತುದಿಯನ್ನು ನೋಡಿದ. ಈ ಚೀಟಿಯನ್ನು ಯಂತ್ರದಲ್ಲಿ ಹೇಗೆ ಕಳಿಸುವುದೆಂದು ಅವನಿಗೆ ಗೊತ್ತಿರಲಿಲ್ಲ, ಅವಳೊಬ್ಬಳಿಗೇ ಗೊತ್ತಿತ್ತು. ಅದು ಇಬ್ಬರಿಗೂ ಒಂದೇ ಸಲ ಹೊಳೆದಿರಬೇಕು, ಯಾಕೆಂದರೆ ಇಬ್ಬರೂ ಯಂತ್ರದ ಕಡೆ ನೋಡಿದರು.

“ಇಲಾಖೆಯೋರು ನನ್ನ ಕೇಳ್ತಾರೆ ಡೆಲ್.”

“ಕೇಳ್ಲಿ. ನನ್ ಹತ್ರ ಕಳ್ಸು.”

“ಮೂವತ್ತು ವರ್ಷ ಮಾಡಿ, ಇನ್ನೊಂಬತ್ತು ವಾರಕ್ಕೆ 'ಒಲ್ಲೆ' ಅಂತೀಯಲ್ಲೇ.”

ಒಲ್ಲೆ ಎಂದು ಅವಳು ಅಂದೇ ಇರಲಿಲ್ಲ. ಅವನು ನಿಂಗೆ ಮೈ ಹುಷಾರಿದೆ ತಾನೇ ಎಂದು ಕೇಳಿ, ಹೊರಗೆ ಹೋದ. ಬಾಗಿಲು ಎಳೆದುಕೊಳ್ಳಲಿಲ್ಲ. ಅವನ ಬೂಟು ಕಾರಿಡಾರಿನುದ್ದಕ್ಕೂ ಪಿಚಿಪಿಚಿ ಎಂದಿತು. ಫೋಟೋಗಳ ಹತ್ತಿರ ನಿಂತಂತೆ ಆಯಿತು, ನಿಂತಿತೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಐದಕ್ಕೆ ಹತ್ತು ನಿಮಿಷವಿತ್ತು. ಈಗ ಏನಾದರೂ ಆಗಬೇಕೆಂದು ಡೆಲ್ವಿನ್ ಕಾದಳು. ಎದೆ ಬಡಿದುಕೊಳ್ಳಬೇಕು, ಕೈ ಬೆವರಬೇಕು. ಸಭೆಯ ದಿನ ಹಾಳೆ ನಡುಗಿತ್ತಲ್ಲ, ಹಾಗೆ. ಏನೂ ಆಗಲಿಲ್ಲ. ತೆರೆದ ಬಾಗಿಲಿನಿಂದ ಉಪ್ಪುಗಾಳಿ ಬಂದು ಮೇಜಿನ ಕಾಗದಗಳನ್ನು ಸ್ವಲ್ಪ ಎತ್ತಿ ಬಿಟ್ಟಿತು. ತೊಟ್ಟಿಗಳ ಕಡೆಯಿಂದ ಇನೆಸ್ ಯಾರಿಗೋ ಏನೋ ಹೇಳಿ ನಗುವುದು ಕೇಳಿತು, ಆಮೇಲೆ ಕೊಳವೆಯ ನೀರು ನೆಲಕ್ಕೆ ಬೀಳುವ ಸದ್ದು. ಯಂತ್ರದ ಪರದೆಯ ಮೂಲೆಯಲ್ಲಿ ನಿಮಿಷಗಳು ಬದಲಾದವು. ಐದಕ್ಕೆ ಪರದೆ ಬೂದು ಬಣ್ಣಕ್ಕೆ ತಿರುಗಿ, ಈ ವರ್ಷದ ಎಣಿಕೆಗೆ ನಲವತ್ತಮೂರು ಹೆಸರುಗಳನ್ನು ಸ್ವೀಕರಿಸಲಾಗಿದೆ ಎಂದು ತೋರಿಸಿತು. ಅಷ್ಟೇ.

ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಇದಕ್ಕೆ ಧೈರ್ಯ ಬೇಕಾಗಿರಲಿಲ್ಲ. ಯಾರ ಜೊತೆಗೂ ಜಗಳ ಬೇಕಾಗಿರಲಿಲ್ಲ, ದೊಡ್ಡ ಶಬ್ದಗಳು ಬೇಕಾಗಿರಲಿಲ್ಲ, ಓದಿರಬೇಕಾಗಿರಲಿಲ್ಲ. ಕೈ ಎತ್ತದೆ ಹತ್ತು ನಿಮಿಷ ಕೂತರೆ ಸಾಕಾಗಿತ್ತು. ಇಷ್ಟು ವರ್ಷ ಅದನ್ನು ಒಂದು ದೊಡ್ಡ ಬೆಟ್ಟವೆಂದು, ತನ್ನಂಥವಳು ಹತ್ತಲಾರದ್ದೆಂದು ಅಂದುಕೊಂಡದ್ದರಲ್ಲಿ ಒಂದು ನೆಮ್ಮದಿಯಿತ್ತು. ಈಗ ಅದೂ ಹೋಯಿತು. ಲೂರ್ಡೆಸ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಆ ಮಾರ್ಚಿನಲ್ಲೂ ಇಷ್ಟೇ ಸಾಕಾಗಿತ್ತು.